ಹೂದಾನಿಯ ಮೇಲೆ ಮಳೆಯಿಲ್ಲದ ಜಾಗ

ಮೈಸೂರು
18 ನವೆಂಬರ್ 2024

ಮಾನ್ಯಾ,

ಕ್ಷೇಮದ ಮಾತು ಆಮೇಲೆ. ಮೊದಲು ಹೇಳು, ನಿನ್ನ ಪಕ್ಕದ ಮನೆಯ ಏಮನ್ ರಾಯರು ಹೂದಾನಿ ನೋಡಿ ಏನಂದರು?

ನಿನ್ನ ಡಬ್ಲಿನ್ನಿನಿಂದ ನಾನು ಊರಿಗೆ ಬಂದು ಎರಡು ವಾರವಾಯಿತು. ಫೋನಿನಲ್ಲಿ ನೀನು ಏನೋ ಹೇಳಿದೆ, ನನ್ನ ಕಿವಿಯ ಯಂತ್ರ ಕುಂಯ್ ಎಂದು ಕೂಗಿಕೊಂಡಿತೇ ಹೊರತು ಒಂದಕ್ಷರ ತಲೆಗೆ ಹೋಗಲಿಲ್ಲ. ಆ ವಾಟ್ಸಾಪಿನ ಗುಂಡಿ ಒತ್ತುವುದೂ ನನ್ನಿಂದಾಗದು ಕಣೆ. ಮೊನ್ನೆ ಎದುರುಮನೆ ಶರ್ಮಿಳಾಳ ಮಗಳ ಹುಟ್ಟುಹಬ್ಬಕ್ಕೆ ಶ್ರದ್ಧಾಂಜಲಿಯ ದೀಪ ಕಳಿಸಿ ಉಗಿಸಿಕೊಂಡೆ. ಆದ್ದರಿಂದ ಕಾಗದವೇ ಗತಿ. ನಿನಗೂ ಕನ್ನಡ ಬರೆದು ಎಷ್ಟು ಕಾಲವಾಯಿತೋ ಏನೋ.

ಹೊರಡುವ ಗಡಿಬಿಡಿಯಲ್ಲಿ ನಿನಗೆ ಸರಿಯಾಗಿ ಹೇಳಲೇ ಇಲ್ಲ. ಸೊಂಟದ ಆಪರೇಷನ್ನಿಗೆ ಹೋಗುವಾಗ ರಾಯರು ಗಿಡಗಳಿಗೆ ನೀರು ಹಾಕಲೆಂದು ನಿನ್ನ ಕೈಗೆ ಕೀಲಿ ಕೊಟ್ಟಿದ್ದರಲ್ಲ. ಬಾಣಂತಿ ನೀನು ಕೂಸನ್ನು ಎತ್ತಿಕೊಂಡು ಆ ಚಳಿಯಲ್ಲಿ ಹೋಗುವುದು ಬೇಡವೆಂದು ನಾನೇ ಹೋಗುತ್ತಿದ್ದೆ. ನೀರು ತುಂಬುವ ಹಬ್ಬದ ದಿನ ನನ್ನ ಕೈ ಕಡಿಯಲು ಶುರುವಾಯಿತು. ಆ ದಿನ ಹಂಡೆ ಬೆಳಗದೆ ಕೂತವಳೇ ಅಲ್ಲ ನಾನು. ನಿನ್ನ ಮನೆಯಲ್ಲಿ ಹಂಡೆ ಎಲ್ಲಿಂದ ಬರಬೇಕು? ಎಲ್ಲಾ ಸ್ಟೀಲು, ಪ್ಲಾಸ್ಟಿಕ್ಕು. ಇರುವ ಒಂದು ಜೊತೆ ದೀಪದ ಕಂಬ ಬೆಳಗಿದ್ದು ನನ್ನ ಒಂದು ಕೈಗೂ ಸಾಲಲಿಲ್ಲ.

ರಾಯರ ಬಾಗಿಲು ತೆಗೆದೊಡನೆ ಮೇಜಿನ ಮೇಲೆ ಆ ಹೂದಾನಿ. ಜಪಾನಿನ ಹಳೆಯ ಕಂಚು ಎಂದು ಅವರೇ ಒಮ್ಮೆ ಹೇಳಿದ್ದರು. ದೋಸೆ ಕಾವಲಿಯಷ್ಟು ಕಪ್ಪು. ಬೆಳ್ಳಿಯ ಕೊಕ್ಕರೆಯೊಂದು ಜೊಂಡಿನ ನಡುವೆ ಒಂಟಿಕಾಲಲ್ಲಿ ನಿಂತಿದೆ, ಮೇಲೆ ಬೆಳ್ಳಿಯದೇ ಚಂದ್ರ, ಕುತ್ತಿಗೆಯ ಸುತ್ತ ಕೂದಲೆಳೆಯಂಥ ಗೆರೆಗಳು, ಮಳೆ ಬೀಳುವ ಹಾಗೆ. ಇಷ್ಟು ಚಂದದ ಕೆಲಸ, ಅಷ್ಟು ಕಿಲುಬು! ಕುತ್ತಿಗೆಯ ಒಂದು ಕಡೆ ಮಾತ್ರ ಸಣ್ಣ ಬಿಲ್ಲೆಯಷ್ಟು ಜಾಗ ಫಳಫಳ ಹೊಳೆಯುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಇದರ ನಿಜವಾದ ಮೈಬಣ್ಣ ಇದು, ಮಿಕ್ಕದ್ದೆಲ್ಲ ಕೊಳೆ ಎಂದು ಗೊತ್ತಾಗಿಹೋಯಿತು.

ನಿನ್ನ ಅಡುಗೆಮನೆಯ ಹುಣಸೆಹಣ್ಣು ಅಷ್ಟೂ ಖಾಲಿ, ಹೇಳಲಿಲ್ಲ, ಬೈಯಬೇಡ. ಉಪ್ಪು ಬೆರೆಸಿ ನೆನೆಹಾಕಿ, ತೆಂಗಿನ ನಾರು ಇಲ್ಲದ್ದಕ್ಕೆ ನಿನ್ನ ಹಸಿರು ಸ್ಕ್ರಬ್ಬರು ತೆಗೆದುಕೊಂಡು ಕೂತೆ. ಮೊಂಡು ಕಿಲುಬು ಕಣೆ ಅದು, ಮೊದಲ ಸಲಕ್ಕೆ ಮಿಸುಕಲಿಲ್ಲ. ಬಿಡುವವಳು ನಾನಲ್ಲ. ಗೆರೆಗಳಲ್ಲಿ ಕೂತ ತಿರುಳನ್ನು ಸೇಫ್ಟಿ ಪಿನ್ನಿನಿಂದ ಕೆದಕಿ ತೆಗೆದೆ. ಕೊನೆಗೆ ನೋಡಬೇಕಿತ್ತು ನೀನು, ಬಂಗಾರ!

ನಿನಗೆ ನೋವು ಬಂದಾಗ ನಿನ್ನ ಗಂಡ ಶಶಾಂಕ ಕೆಲಸವೆಂದು ಆ ಕಾರ್ಕ್ ಊರಿನಲ್ಲಿ ಕೂತಿದ್ದ, ನಿನ್ನನ್ನು ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದವರು ರಾಯರು. ಹೆಂಡತಿ ಇಲ್ಲದ ಜೀವ, ಬೆಳಿಗ್ಗೆ ನನ್ನ ಕಾಫಿ ಕುಡಿದು ಎಲ್ಲಕ್ಕೂ ಚೆನ್ನಾಗಿದೆ ಎನ್ನುವಂತೆ ‘ಗ್ರ್ಯಾಂಡ್, ಗ್ರ್ಯಾಂಡ್’ ಎನ್ನುತ್ತಿದ್ದರು. ಅವರಿಗೆ ನನ್ನ ಕೈಲಾದದ್ದೊಂದು ಮಾಡಿ ಬಂದೆನಲ್ಲ ಎಂದು ನನಗೆ ತುಂಬ ಸಮಾಧಾನ. ಅವರ ಮುಖ ನೋಡುವ ಭಾಗ್ಯ ಮಾತ್ರ ಬರಲಿಲ್ಲ. ಅದನ್ನು ನೀನು ಬರಿ. ಕೂಸು ಚಿರಾಗನಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ ದೊಡ್ಡಮ್ಮ
ವೇದಾವತಿ

*

ಲೂಕನ್, ಡಬ್ಲಿನ್
7 ಡಿಸೆಂಬರ್ 2024

ಪ್ರೀತಿಯ ದೊಡ್ಡಮ್ಮ,

ನಿಮ್ಮ ಕಾಗದ ಬಂದು ನಾಲ್ಕೈದು ದಿನ ಆಯಿತು. ಚಿರಾಗ್ ಹಗಲೆಲ್ಲ ಮಲಗುವುದಿಲ್ಲ, ಅದಕ್ಕೆ ಬರೆಯುವುದು ತಡವಾಯಿತು. ಎಣ್ಣೆ ತಪ್ಪಿಸಿಲ್ಲ. ದೊಡ್ಡವಳು ಐಶು ಸ್ಕೂಲಿನ ಕ್ರಿಸ್‌ಮಸ್ ನಾಟಕದಲ್ಲಿ ಕುರಿ ಆಗಿದ್ದಾಳೆ, ಮನೆಯಲ್ಲೂ ಕುರಿಯೇ.

ಏಮನ್ ಮನೆಗೆ ಬಂದರು. ನಾನೇ ಕಾರಿನಲ್ಲಿ ಕರೆದುಕೊಂಡು ಬಂದೆ. ಹೂದಾನಿ ನೋಡಿ ತುಂಬಾ ಸಂತೋಷಪಟ್ಟರು ದೊಡ್ಡಮ್ಮ. ಬಾಗಿಲಲ್ಲೇ ನಿಂತುಬಿಟ್ಟರು, ಮಾತೇ ಹೊರಡಲಿಲ್ಲ. ಜೊತೆಗಿದ್ದ ಐಶು ಅದನ್ನು ನೋಡಿ ‘ಮಮ್ಮಿ, ವೇರ್ಸ್ ದ ನೈಟ್ ಗಾನ್?’ ಅಂದಳು, ರಾತ್ರಿ ಎಲ್ಲಿ ಹೋಯಿತು ಅಂತ. ಮಕ್ಕಳ ಮಾತು.

ಈಗ ಅವರು ಹೆಚ್ಚು ಹೊರಗೆ ಬರುವುದಿಲ್ಲ. ಸೊಂಟ ಇನ್ನೂ ಸರಿಹೋಗಿಲ್ಲ ಅಂತ ಕಾಣುತ್ತದೆ. ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಯಾರೂ ಯಾರನ್ನೂ ನೋಡುವುದೇ ಕಷ್ಟ. ಬೆಳಿಗ್ಗೆ ಕಾಫಿಗೂ ಬರುತ್ತಿಲ್ಲ, ನನ್ನ ಕಾಫಿ ನಿಮ್ಮದರ ಹಾಗೆ ಎಲ್ಲಿ ಬರಬೇಕು!

ಜನವರಿಗೆ ನನ್ನ ರಜೆ ಮುಗಿಯುತ್ತದೆ. ಲೆಪರ್ಡ್ಸ್‌ಟೌನಿನ ಆಫೀಸಿಗೆ ದಿನಾ ಹೋಗಿಬರುವುದನ್ನು ನೆನೆಸಿಕೊಂಡರೆ ಈಗಲೇ ಸುಸ್ತು. ಶಶಾಂಕ್‌ನ ಪ್ರಾಜೆಕ್ಟ್ ಮುಗಿದಿದೆ, ಈಗ ಮನೆಯಿಂದಲೇ ಕೆಲಸ. ನೀವು ಕಿವಿಯ ಡಾಕ್ಟರ ಹತ್ತಿರ ಹೋಗಿ ಬನ್ನಿ. ಹೂದಾನಿಯ ಬಗ್ಗೆ ಇನ್ನು ಯೋಚನೆ ಬೇಡ.

ನಿಮ್ಮ
ಮಾನ್ಯಾ

*

ಮೈಸೂರು
27 ಡಿಸೆಂಬರ್ 2024

ಮಾನ್ಯಾ ಪುಟ್ಟ,

ನಿನ್ನ ಕಾಗದವನ್ನು ಬ್ಲೌಸಿನೊಳಗೆ ಇಟ್ಟುಕೊಂಡೇ ರಾಮಮಂದಿರಕ್ಕೆ ಹೋದೆ. ಶುಕ್ರವಾರದ ಪಾತ್ರೆ ತಿಕ್ಕುವ ನಮ್ಮ ಹೆಂಗಸರಿಗೆಲ್ಲ ಓದಿ ಹೇಳಿದೆ. ‘ವೇದಮ್ಮನ ಕೈಗೆ ಫಾರಿನ್ನಿನಲ್ಲೂ ಬೆಲೆ ಬಂತು ಬಿಡ್ರೀ’ ಎಂದಳು ಶರ್ಮಿಳಾ. ಅರ್ಚಕರು ಕೂಡ ಗಂಟೆ ನಿಲ್ಲಿಸಿ ಕೇಳಿಸಿಕೊಂಡರು. ಹೊಗಳಿಕೆ ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು. ಮೂವತ್ತು ವರ್ಷ ಕರೆಂಟ್ ಆಫೀಸಿನಲ್ಲಿ ಗುಮಾಸ್ತಿ ಮಾಡಿದೆ, ಅಲ್ಲಿ ಯಾವನೂ ನನ್ನ ಕೆಲಸ ನೋಡಿ ಬಾಗಿಲಲ್ಲಿ ಮಾತು ಹೊರಡದೆ ನಿಂತದ್ದಿಲ್ಲ.

ನಮ್ಮ ಐಶುವಿನ ಮಾತು ನೋಡು! ರಾತ್ರಿ ಎಲ್ಲಿ ಹೋಯಿತು ಅಂದಳಂತೆ. ದೀಪಾವಳಿಯಲ್ಲಿ ಕತ್ತಲೆ ಓಡಿಸಬೇಕು ಎಂದು ನಾನು ಕಥೆ ಹೇಳಿದ್ದನ್ನು ಮರೆತಿಲ್ಲ ಜಾಣೆ. ಇಂಗ್ಲಿಷಿನಲ್ಲಿ ಹೇಳಿದರೇನಂತೆ, ಒಳಗೆ ಕೂತದ್ದು ನಮ್ಮ ಕಥೆಯೇ.

ಒಂದು ಗುಟ್ಟು. ರಾಯರಿಗೆ ಒಂದು ಪಾರ್ಸೆಲ್ ಕಟ್ಟಿದ್ದೇನೆ. ಸಂಕ್ರಾಂತಿಯ ಎಳ್ಳುಬೆಲ್ಲ, ಹೊಸ ಹುಣಸೆಹಣ್ಣಿನ ಒಂದು ಉಂಡೆ, ತೆಂಗಿನ ನಾರಿನ ಎರಡು ಸಿಂಬಿ. ನಿನ್ನ ಮನೆಯ ಪಕ್ಕದ ನಂಬರು ಅಲ್ಲವೇ, ನೇರ ಅವರ ವಿಳಾಸಕ್ಕೇ ಸ್ಪೀಡ್ ಪೋಸ್ಟ್ ಮಾಡಿಸುತ್ತೇನೆ. ಜೊತೆಗೆ ನನ್ನ ಆಫೀಸ್ ಇಂಗ್ಲಿಷಿನಲ್ಲಿ ಒಂದು ಕಾರ್ಡು. ‘ತಮ್ಮ ಹೂದಾನಿಯನ್ನು ನನ್ನ ಸ್ವಂತ ಕೈಗಳಿಂದ ತೊಳೆದಿರುತ್ತೇನೆ. ತಮಗೆ ಸಂತೋಷವಾದದ್ದು ತಿಳಿದು ನನಗೂ ಸಂತೋಷ. ದಯವಿಟ್ಟು ಮತ್ತೆ ಕಪ್ಪಾಗಲು ಬಿಡಬಾರದು, ತಿಂಗಳಿಗೊಮ್ಮೆ ತಿಕ್ಕತಕ್ಕದ್ದು’ ಎಂದು ಬರೆದಿದ್ದೇನೆ. ತಪ್ಪಿಲ್ಲ ತಾನೆ?

ಅವರ ಸೊಂಟಕ್ಕೆ ಬಿಸಿ ಉಪ್ಪಿನ ಶಾಖ ಕೊಡಲು ಹೇಳು. ಕಾಫಿಗೆ ಬರುತ್ತಿಲ್ಲ ಎಂದೆಯಲ್ಲ, ನೀನೇ ಒಂದು ಲೋಟ ತೆಗೆದುಕೊಂಡು ಹೋಗಿ ಕೊಡಬಾರದೇ? ಇಷ್ಟು ಉಪಕಾರ ಮಾಡಿದ ಮನುಷ್ಯ, ಕೂಗಳತೆಯಲ್ಲಿದ್ದಾರೆ. ಇದನ್ನೂ ನಾನು ಮೈಸೂರಿನಿಂದ ಹೇಳಬೇಕೇ?

ದೊಡ್ಡಮ್ಮ

*

ಲೂಕನ್
16 ಜನವರಿ 2025

ದೊಡ್ಡಮ್ಮ,

ಪಾರ್ಸೆಲ್ ಕಳಿಸಬೇಡಿ. ಕಳಿಸಿದ್ದರೆ ವಾಪಸ್ ತರಿಸಿಕೊಳ್ಳಲು ಆಗುತ್ತದಾ ಅಂತ ಪೋಸ್ಟ್ ಆಫೀಸಿನಲ್ಲಿ ಕೇಳಿ. ಶರ್ಮಿಳಾಗೆ ಫೋನ್ ಮಾಡಿ ಹೇಳಿದೆ, ಹೋದ ವಾರವೇ ಹೋಯಿತು ಅಂದಳು.

ನನ್ನನ್ನು ಒಂದು ಮಾತು ಕೇಳಬೇಕಿತ್ತು. ಇಲ್ಲಿನವರಿಗೆ ಅದೆಲ್ಲ ಹಿಡಿಸುವುದಿಲ್ಲ. ಹುಣಸೆಹಣ್ಣು, ನಾರು ಇಟ್ಟುಕೊಂಡು ಅವರು ಏನು ಮಾಡಬೇಕು? ದಯವಿಟ್ಟು ಅವರಿಗೆ ಇನ್ನು ಏನೂ ಬರೆಯಬೇಡಿ.

ಸೋಮವಾರದಿಂದ ಆಫೀಸು ಶುರುವಾಗಿದೆ. ಆಮೇಲೆ ಬರೆಯುತ್ತೇನೆ.

ಮಾನ್ಯಾ

*

ಮೈಸೂರು
5 ಫೆಬ್ರವರಿ 2025

ಮಾನ್ಯಾಳಿಗೆ,

ನಿನ್ನ ಚೀಟಿ ತಲುಪಿತು. ಅದನ್ನು ಕಾಗದ ಎನ್ನಲಾರೆ.

ಇಲ್ಲಿನವರಿಗೆ ಹಿಡಿಸುವುದಿಲ್ಲ ಎಂದು ಬರೆದಿದ್ದೀಯ. ಯಾರಿಗೆ ಹಿಡಿಸುವುದಿಲ್ಲ, ಅವರಿಗೋ, ನಿನಗೋ? ನಿನ್ನ ಹೊಟ್ಟೆಗೆ ಬಟ್ಟೆ ಕಟ್ಟಿದ ಕೈ ಇದು. ನಿನ್ನ ಕೂಸಿಗೆ ನೀರೆರೆದ ಕೈ ಇದು. ಆಗ ಬೇಕಿತ್ತು. ಈಗ ಹುಣಸೆಹಣ್ಣಿನ ಉಂಡೆಯ ಜೊತೆ ನಿನ್ನ ಹಳ್ಳಿಗುಗ್ಗು ದೊಡ್ಡಮ್ಮನ ಇಂಗ್ಲಿಷು ಪಕ್ಕದ ಮನೆಗೆ ಹೋಗಿಬಿಟ್ಟರೆ ಮಾನ ಹೋಗುತ್ತದೆ ಅಲ್ಲವೇ? ಮೂರು ತಿಂಗಳು ಆ ಮನುಷ್ಯನ ಎದುರು ಕೂತು ಕಾಫಿ ಕುಡಿದವಳು ನಾನು. ಅವರಿಗೆ ನನ್ನ ವಿಷಯದಲ್ಲಿ ನಾಚಿಕೆ ಇರಲಿಲ್ಲ, ಜಡೆ ಹಾಕಿ ಸಾಕಿದ ಹುಡುಗಿಗೆ ಬಂತು.

ಬರೆದು ಹರಿದು ಮತ್ತೆ ಬರೆಯುತ್ತಿದ್ದೇನೆ. ಶರ್ಮಿಳಾ ಕೇಳಿದಳು, ‘ಏನಂತೆ ಮಾನ್ಯಾ?’ ಅಂತ. ಚೆನ್ನಾಗಿದ್ದಾಳಂತೆ ಎಂದೆ.

ಮುಂದಿನ ವರ್ಷ ಬರುವ ಮಾತು ಆಡಿದ್ದೆ. ಬರುವುದಿಲ್ಲ ಬಿಡು.

ವೇದಾವತಿ

*

ಲೂಕನ್
9 ಫೆಬ್ರವರಿ 2025

ದೊಡ್ಡಮ್ಮ,

ಚೀಟಿಯ ಹಾಗೆ ಬರೆದದ್ದಕ್ಕೆ ನೀವು ಬೈದು ಬರೆದಿರುತ್ತೀರಿ, ಅದು ಇನ್ನೂ ದಾರಿಯಲ್ಲಿರಬೇಕು. ಅದು ಬರುವ ಮೊದಲೇ ಇದನ್ನು ಬರೆದು ಮುಗಿಸಬೇಕು.

ನಿಮಗೆ ನಾನು ಸುಳ್ಳು ಬರೆದೆ. ಏಮನ್‌ಗೆ ಸಂತೋಷ ಆಗಲಿಲ್ಲ. ಆವತ್ತು ಬಾಗಿಲು ತೆಗೆದು ಹೂದಾನಿ ನೋಡಿದವರೇ ಗೋಡೆ ಹಿಡಿದುಕೊಂಡರು. ಅವರ ಕೋಲು ಕೆಳಗೆ ಬಿತ್ತು, ನಾನು ಎತ್ತಿಕೊಟ್ಟರೆ ತೆಗೆದುಕೊಳ್ಳಲಿಲ್ಲ. ‘ಯಾರು ಮಾಡಿದ್ದು ಇದು?’ ಅಂದರು. ನನ್ನ ಬಾಯಿಂದ ‘ನಾನು’ ಅಂತ ಬಂದುಬಿಟ್ಟಿತು. ಯೋಚನೆ ಮಾಡಿ ಹೇಳಿದ್ದಲ್ಲ. ಹೆಂಡತಿ ನೋರಾ ತೀರಿಹೋದ ಮೇಲೆ ಅವರು ನಗುವುದನ್ನು ನಾನು ಮೊದಲು ನೋಡಿದ್ದು ನಿಮ್ಮ ಜೊತೆ ಕೂತಾಗ. ಅದೊಂದು ಹಾಳಾಗುವುದು ಬೇಡ ಅನ್ನಿಸಿತು. ಅವರು ಕೈ ಚಾಚಿ ಕೀಲಿ ವಾಪಸ್ ಕೇಳಿದರು. ಕೊಟ್ಟೆ. ಆಮೇಲೆ ನಮ್ಮ ಕಡೆಯ ಕಿಟಕಿಯ ಪರದೆ ಅವರು ತೆಗೆದದ್ದೇ ಇಲ್ಲ. ಐಶು ದಿನಾ ‘ಇಸ್ ಹೀ ಕ್ರಾಸ್ ವಿತ್ ಅಸ್?’ ಅಂತ ಕೇಳುತ್ತಾಳೆ, ಅವರಿಗೆ ನಮ್ಮ ಮೇಲೆ ಸಿಟ್ಟಾ ಅಂತ.

ನಿಮ್ಮ ಪಾರ್ಸೆಲ್ ಹೋದ ಗುರುವಾರ ಬಂತು. ಏಮನ್ ಅದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಎಷ್ಟು ದಿನದ ಮೇಲೆ! ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನಿಮ್ಮ ಕಾರ್ಡು. ‘ನೀನಲ್ಲ, ನಿನ್ನ ದೊಡ್ಡಮ್ಮ’ ಅಂದರು. ‘ನೀನು ಅಂದುಕೊಂಡು ಮೂರು ತಿಂಗಳು ನಿನ್ನ ಮಕ್ಕಳ ಮುಖ ನೋಡದೆ ಕೂತೆನಲ್ಲ’ ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಕೂರಿಸಿದೆ, ಟೀ ಕೊಟ್ಟೆ, ಮುಟ್ಟಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು.

ಅದು ಕಿಲುಬಲ್ಲ ದೊಡ್ಡಮ್ಮ. ಜಪಾನಿನಲ್ಲಿ ಅದನ್ನು ಮಾಡಿದವರು ಬೇಕೆಂದೇ, ಕಂಚನ್ನು ಏನೇನೋ ರಸದಲ್ಲಿ ಬೇಯಿಸಿ ತಂದ ಬಣ್ಣ. ಆ ಕಪ್ಪೇ ರಾತ್ರಿ. ರಾತ್ರಿಯಲ್ಲಿ ಮಳೆ, ಚಂದ್ರ, ಕೊಕ್ಕರೆ. ಈಗ ಎಲ್ಲ ಒಂದೇ ಸಮ ಹೊಳೆಯುವುದರಲ್ಲಿ ಚಂದ್ರ ಎಲ್ಲಿದ್ದಾನೆ ಅಂತ ಹುಡುಕಬೇಕು. ಐಶು ಕೇಳಿದ್ದು ಅದನ್ನೇ.

ಅಷ್ಟೇ ಆಗಿದ್ದರೆ ಅವರು ತಡೆದುಕೊಳ್ಳುತ್ತಿದ್ದರೋ ಏನೋ. ನೋರಾ ಅದನ್ನು ಮದುವೆಯಾದ ವರ್ಷ ಕಿಲ್ಡೇರಿನ ಒಂದು ದೊಡ್ಡ ಮನೆಯ ಸಾಮಾನು ಹರಾಜಿನಲ್ಲಿ ತಂದದ್ದಂತೆ. ಅವತ್ತಿನಿಂದ ಹೊರಗೆ ಹೊರಡುವಾಗೊಮ್ಮೆ, ಒಳಗೆ ಬಂದಾಗೊಮ್ಮೆ ಅದರ ಕುತ್ತಿಗೆಯ ಮೇಲೆ ಹೆಬ್ಬೆರಳು ಒತ್ತುತ್ತಿದ್ದಳಂತೆ. ಮನೆಗೆ ಹೋಗಿಬರುತ್ತೇನೆ ಅಂತ ಹೇಳುವ ಹಾಗೆ. ಜೀವನಪೂರ್ತಿ. ಅವಳ ಬೆರಳಿಗೆ ಸವೆದು ಅಲ್ಲಿ ಮಾತ್ರ ಕಪ್ಪು ಹೋಗಿತ್ತು. ನೀವು ನೋಡಿದ ಹೊಳೆಯುವ ಬಿಲ್ಲೆ ಅದೇ ದೊಡ್ಡಮ್ಮ. ನಿಮಗೆ ದಾರಿ ತೋರಿಸಿದ್ದೇ ನೋರಾಳ ಹೆಬ್ಬೆರಳು.

ಅವಳು ಹೋದ ಮೇಲೆ ಏಮನ್ ಆ ಜಾಗವನ್ನು ಒಂದು ದಿನವೂ ಮುಟ್ಟಿಲ್ಲವಂತೆ, ಅದು ಅವಳದು ಅಂತ. ಈಗ ಎಲ್ಲ ಕಡೆ ಹೊಳೆಯುತ್ತಿದೆ, ಅದು ಎಲ್ಲಿ ಅಂತ ಗೊತ್ತಾಗುತ್ತಿಲ್ಲ. ನಾನು ಫೋಟೋ ಹಿಡಿದುಕೊಂಡು ಡಬ್ಲಿನ್‌ನಲ್ಲಿ ಹಳೆಯ ಲೋಹದ ಸಾಮಾನು ಸರಿಮಾಡುವ ಒಬ್ಬರ ಹತ್ತಿರ ಹೋದೆ. ಹೊಸದಾಗಿ ಕಪ್ಪು ತರಬಹುದು, ಆ ಜಾಗ ಒಂದನ್ನು ಬಿಡಬಹುದು, ಎಲ್ಲಿ ಅಂತ ತೋರಿಸಿ ಅಂದರು. ಬಂದು ಏಮನ್‌ನ ಕೇಳಿದೆ. ಅವರಿಗೆ ಹೇಳಲು ಆಗಲಿಲ್ಲ. ಹೊಳೆಯುತ್ತಿತ್ತಲ್ಲ, ಗುರುತು ಇಟ್ಟುಕೊಳ್ಳಬೇಕು ಅಂತಲೇ ಅನ್ನಿಸಿರಲಿಲ್ಲವಂತೆ. ‘ದಿನಾ ನೋಡ್ತಿದ್ದೆ, ಯಾವ ಕಡೆ ಅಂತ ಹೇಳೋಕಾಗ್ತಿಲ್ಲ, ಎಂಥ ಗಂಡ ನಾನು’ ಅಂತ ಅತ್ತರು. ನನ್ನ ಫೋನಿನ ಫೋಟೋಗಳನ್ನೆಲ್ಲ ಜಾಲಾಡಿದೆ. ಐಶುವಿನ ಹಿಂದೆ ಒಂದರಲ್ಲಿ ಸಿಕ್ಕಿತು, ಅದೂ ಬೇರೆ ಬದಿ. ಈಗ ಹೂದಾನಿಯನ್ನು ಟವೆಲಿನಲ್ಲಿ ಸುತ್ತಿ ಮೆಟ್ಟಿಲ ಕೆಳಗಿನ ಕಪಾಟಿಗೆ ಸೇರಿಸಿದ್ದಾರೆ.

ನಿಮ್ಮ ಮನಸ್ಸು ನೋಯಿಸಬಾರದು ಅಂತ ಸುಳ್ಳು ಹೇಳಿ ಇಬ್ಬರನ್ನೂ ನೋಯಿಸಿದೆ. ಬೈದಾದರೂ ಬರೆಯಿರಿ.

ಮಾನ್ಯಾ

*

ಲೂಕನ್
23 ಮಾರ್ಚ್ 2025

ದೊಡ್ಡಮ್ಮ,

ನಿಮ್ಮ ಫೆಬ್ರವರಿಯ ಕಾಗದ ಬಂತು. ಎಲ್ಲ ಬೈಗುಳವನ್ನೂ ಎರಡು ಸಲ ಓದಿದೆ. ಆಮೇಲೆ ನಿಮ್ಮಿಂದ ಏನೂ ಇಲ್ಲ. ನಾನು ಬರೆದದ್ದು ತಲುಪಿತಾ?

ನಿನ್ನೆ ಶರ್ಮಿಳಾಗೆ ಫೋನ್ ಮಾಡಿದ್ದೆ. ‘ಊಟ ಮಾಡ್ತಾರೆ, ಓಡಾಡ್ತಾರೆ, ಆದ್ರೆ ದೇವಸ್ಥಾನದ ಪಾತ್ರೆಗೆ ಬರ್ತಾ ಇಲ್ಲ ಕಣೇ, ಕೇಳಿದ್ರೆ ಕೈ ನೋವು ಅಂತಾರೆ’ ಅಂದಳು. ನನಗೆ ಭಯ ಆಗಿದೆ. ಒಂದು ಸಾಲು ಬರೆಯಿರಿ ಸಾಕು.

ಮಾನ್ಯಾ

*

ಮೈಸೂರು
8 ಏಪ್ರಿಲ್ 2025

ಮಾನ್ಯಾ,

ತಲುಪಿತು. ಎರಡೂ ತಲುಪಿದವು. ಕೈ ನೋವು ಎಂದದ್ದು ಸುಳ್ಳು. ನಮ್ಮ ವಂಶದಲ್ಲಿ ನೀನೊಬ್ಬಳೇ ಅಲ್ಲ ಸುಳ್ಳುಬುರುಕಿ.

ಮೊದಲು ಜಗಳ ಮುಗಿಸುತ್ತೇನೆ. ತಪ್ಪು ಮಾಡಿದವಳು ನಾನು. ಆ ತಪ್ಪು ನನ್ನದು. ಅದನ್ನು ನನ್ನ ಕೈಯಿಂದ ಕಿತ್ತು ನಿನ್ನ ತಲೆಗೆ ಕಟ್ಟಿಕೊಳ್ಳಲು ನಿನಗೆ ಅಧಿಕಾರ ಕೊಟ್ಟವರು ಯಾರೇ? ಅತ್ತ ಒಬ್ಬ ಮುದುಕ ಪರದೆ ಎಳೆದುಕೊಂಡು ಕೂತಿದ್ದಾನೆ, ಇತ್ತ ನಾನು ಊರಿಗೆಲ್ಲ ನಿನ್ನ ಕಾಗದ ಓದಿ ಹೇಳಿ ಮೆರೆಯುತ್ತಿದ್ದೇನೆ! ನೆನೆಸಿಕೊಂಡರೆ ಮೈ ಉರಿಯುತ್ತದೆ, ನಾಚಿಕೆಯಿಂದ ಉರಿಯುತ್ತದೆ. ಆ ಕಾರ್ಡಿನಲ್ಲಿ ತಿಂಗಳಿಗೊಮ್ಮೆ ತಿಕ್ಕತಕ್ಕದ್ದು ಎಂದು ಬರೆದೆನಲ್ಲೇ! ನನಗೆ ನಿಜ ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಸಾಯುತ್ತಿರಲಿಲ್ಲ.

ಆಯಿತು. ಜಗಳ ಮುಗಿಯಿತು. ಫೆಬ್ರವರಿಯಲ್ಲಿ ನಾನು ಬರೆದದ್ದನ್ನು ಒಲೆಗೆ ಹಾಕು.

ನಿನ್ನ ಕಾಗದ ಓದಿದ ಮೇಲೆ ನನಗೆ ಪಾತ್ರೆ ಮುಟ್ಟಲು ಆಗಲಿಲ್ಲ. ಯಾವ ತಾಮ್ರ ಹಿಡಿದರೂ ಇದರಲ್ಲಿ ಯಾರ ಬೆರಳಿತ್ತೋ ಎನ್ನಿಸುತ್ತಿತ್ತು. ರಾಮನವಮಿಯ ಹಿಂದಿನ ದಿನ ಶರ್ಮಿಳಾ ಬಂದು, ‘ಏಳ್ರೀ ವೇದಮ್ಮ, ರಾಮನಿಗೆ ಹೀಗೇ ಕಪ್ಪು ತಟ್ಟೇಲಿ ಆರತಿ ಎತ್ತಬೇಕೇನು?’ ಎಂದು ರೆಟ್ಟೆ ಹಿಡಿದು ಎಳೆದೊಯ್ದಳು. ಕೈಗಂಟೆ ನನ್ನ ಪಾಲಿಗೆ ಬಂತು. ತಿಕ್ಕಿ ತೊಳೆದು, ಹಿಡಿಯ ಗೆರೆಗಳಲ್ಲಿ ಕೂತ ಹುಣಸೆ ತಿರುಳನ್ನು ಪಿನ್ನಿನಿಂದ ಕೆದಕುತ್ತಿದ್ದೆ. ಅರ್ಚಕರು ಹಿಡಿಯುವ ಕಡೆ ಗೆರೆಗಳು ಸವೆದು ನುಣ್ಣಗಾಗಿವೆ, ಅಲ್ಲಿ ಕೆದಕುವುದಕ್ಕೆ ಏನೂ ಇರಲಿಲ್ಲ. ಪಿನ್ನು ಹಾಗೇ ಜಾರಿಹೋಯಿತು. ಗಂಟೆ ಕೆಳಗಿಟ್ಟೆ ಕಣೆ. ಆವತ್ತು ರಾಯರ ಮನೆಯಲ್ಲೂ ಪಿನ್ನು ಹೀಗೇ ಜಾರಿತ್ತು.

ಈಗ ಸರಿಯಾಗಿ ಓದಿಕೋ. ಕಪ್ಪು ಹೋಯಿತು, ಆದರೆ ಗೆರೆ ಹೋಗಿಲ್ಲ. ಕುತ್ತಿಗೆಯ ಸುತ್ತ ಮಳೆಯ ಗೆರೆ ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ನೋರಮ್ಮನ ಬೆರಳು ಓಡಾಡಿದ ಜಾಗದಲ್ಲಿ ಗೆರೆ ಸವೆದಿದೆ. ಅಲ್ಲಿ ಮಳೆಯಿಲ್ಲ. ಕಣ್ಣಿನಿಂದ ಹುಡುಕಬೇಡಿ, ಆ ಹೊಳಪಿನಲ್ಲಿ ಕಾಣುವುದಿಲ್ಲ. ಕೊಕ್ಕರೆಯ ಕೊಕ್ಕು ಎದುರಿಗೆ ಬರುವಂತೆ ಇಟ್ಟುಕೊಂಡು, ಚಂದ್ರನನ್ನು ದಾಟಿ ಬಲಕ್ಕೆ, ಕುತ್ತಿಗೆ ಸಣ್ಣಗಾಗುವ ಕಡೆ, ಕಣ್ಣು ಮುಚ್ಚಿ ಹೆಬ್ಬೆರಳಾಡಿಸಿ. ಮೊದಲು ಮಳೆ, ಆಮೇಲೆ ನುಣುಪು, ಆಮೇಲೆ ಮತ್ತೆ ಮಳೆ.

ನಿನಗೆ ಬರೆಯದೆ ಬಿಟ್ಟ ಒಂದು ಮಾತಿದೆ. ತಿಕ್ಕಲು ಶುರುಮಾಡುವ ಮೊದಲು ಹೂದಾನಿಯನ್ನು ಎತ್ತಿಕೊಂಡಾಗ ನನ್ನ ಹೆಬ್ಬೆರಳು ತಾನಾಗಿಯೇ ಹೋಗಿ ಆ ಬಿಲ್ಲೆಯ ಮೇಲೆ ಕೂತಿತು. ಅಳತೆ ತೆಗೆದು ಮಾಡಿದ ಹಾಗೆ. ಯಾರೋ ಹಿಡಿದೂ ಹಿಡಿದೂ ಆದದ್ದು ಇದು ಎಂದು ಒಂದು ಗಳಿಗೆ ಹೊಳೆಯಿತು. ಆದರೂ ನಿಲ್ಲಲಿಲ್ಲ. ಬೆಳಗಬೇಕು ಎಂಬ ಹಟ ಬಂದರೆ ನನಗೆ ಬೇರೇನೂ ಕಾಣುವುದಿಲ್ಲ. ಗೊತ್ತಿಲ್ಲದೆ ಮಾಡಿದೆ ಎಂದು ರಾಯರಿಗೆ ಹೇಳಬೇಡ. ಅರ್ಧ ಗೊತ್ತಿತ್ತು ಎಂದೇ ಹೇಳು.

ಕ್ಷಮಿಸಿ ಎನ್ನುವುದನ್ನು ಆಫೀಸ್ ಇಂಗ್ಲಿಷಿನಲ್ಲಿ ಬರೆಯಲಾರೆ. ಜಾಗ ತೋರಿಸು. ತೋರಿಸುವಾಗ ನನ್ನ ಹೆಸರು ಹೇಳು, ನಿನ್ನದಲ್ಲ.

ದೊಡ್ಡಮ್ಮ

*

ಲೂಕನ್
27 ಏಪ್ರಿಲ್ 2025

ಪ್ರೀತಿಯ ದೊಡ್ಡಮ್ಮ,

ನಿಮ್ಮ ಕಾಗದವನ್ನು ಶುಕ್ರವಾರ ತೆಗೆದುಕೊಂಡು ಹೋದೆ. ಏಮನ್ ಬಾಗಿಲು ತೆಗೆದರು, ಒಳಗೆ ಬಾ ಅನ್ನಲಿಲ್ಲ. ಬಾಗಿಲಲ್ಲೇ ನಿಂತು ಒಂದೊಂದು ಸಾಲನ್ನೂ ಇಂಗ್ಲಿಷಿಗೆ ಮಾಡಿ ಓದಿದೆ. ‘ಅರ್ಧ ಗೊತ್ತಿತ್ತು’ ಎನ್ನುವ ಸಾಲನ್ನೂ ಓದಿದೆ. ಅದನ್ನು ಬಿಟ್ಟುಬಿಡೋಣ ಅನ್ನಿಸಿತ್ತು, ಆದರೆ ಸುಳ್ಳು ಸಾಕಾಗಿದೆ. ಅದನ್ನು ಕೇಳಿ ಅವರ ಮುಖ ಗಟ್ಟಿಯಾಯಿತು. ಬಾಗಿಲು ಹಾಕಿಬಿಡುತ್ತಾರೆ ಅಂದುಕೊಂಡೆ.

ತಿರುಗಿ ಒಳಗೆ ಹೋದರು. ಮೆಟ್ಟಿಲ ಕೆಳಗಿನಿಂದ ಟವೆಲಿನ ಗಂಟು ತಂದು ಮೇಜಿನ ಮೇಲೆ ಬಿಚ್ಚಿದರು. ಕೊಕ್ಕರೆಯನ್ನು ನಾನೇ ಎದುರಿಗೆ ತಿರುಗಿಸಿಕೊಟ್ಟೆ. ‘ಅವಳು ಹೋದ್ಮೇಲೆ ಮುಟ್ಟಿಲ್ಲ ನಾನು’ ಅಂದರು. ಗೊತ್ತು ಅಂದೆ. ಕಣ್ಣು ಮುಚ್ಚಿದರು. ಅವರದು ದಪ್ಪ ಬೆರಳು. ಮೊದಲ ಸುತ್ತಿನಲ್ಲಿ ದಾಟಿ ಹೋಯಿತು. ಎರಡನೆಯ ಸಲ ನಿಧಾನವಾಗಿ ಬಂದು ಒಂದು ಕಡೆ ನಿಂತಿತು.

ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ ದೊಡ್ಡಮ್ಮ. ನಾನು ಅತ್ತುಬಿಟ್ಟೆ, ಅವರು ಅಳಲಿಲ್ಲ. ‘ಆರ್ ಯೂ ಆಲ್ ರೈಟ್?’ ಅಂತ ಕೇಳಿದರೆ ಯಾವತ್ತಿನ ಹಾಗೆ ಗ್ರ್ಯಾಂಡ್ ಅನ್ನಲಿಲ್ಲ. ಇಲ್ಲ ಅಂದರು. ಕಣ್ಣು ತೆಗೆಯದೆಯೇ, ‘ಅವಳ ಬೆರಳು ನನ್ನದಕ್ಕಿಂತ ಎಷ್ಟು ಸಣ್ಣದಿತ್ತು’ ಅಂದರು.

ಹೊಸದಾಗಿ ಕಪ್ಪು ಹಾಕಿಸುವುದಿಲ್ಲವಂತೆ. ತಾನಾಗಿ ಕಪ್ಪಾಗುವಷ್ಟು ಆಗಲಿ, ಆ ರಾತ್ರಿ ತಿರುಗಿ ಬರುವುದನ್ನು ನೋಡಲು ತಾನಿರುವುದಿಲ್ಲ ಅಂದರು. ಅದನ್ನು ಹೇಳುವಾಗ ಸಿಟ್ಟಿತ್ತು, ಮುಚ್ಚಿಟ್ಟು ನಿಮಗೆ ಬರೆಯಲಾರೆ. ನಿಮ್ಮ ಹುಣಸೆಹಣ್ಣಿನ ಉಂಡೆಯನ್ನು ನನಗೆ ವಾಪಸ್ ಕೊಟ್ಟರು. ಎಳ್ಳುಬೆಲ್ಲದ ಡಬ್ಬಿ ಕೊಡಲಿಲ್ಲ. ಕೀಲಿಯ ಮಾತು ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಅದು ಇನ್ನು ನಮ್ಮ ಮನೆಗೆ ಬರುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಆದರೆ ಹೂದಾನಿ ಮತ್ತೆ ಬಾಗಿಲ ಬಳಿಯ ಮೇಜಿನ ಮೇಲೆ ಬಂದಿದೆ. ಇವತ್ತು ಬೆಳಿಗ್ಗೆ ಅವರು ಚರ್ಚಿಗೆ ಹೊರಟಾಗ ನಾನು ಚಿರಾಗನನ್ನು ಎತ್ತಿಕೊಂಡು ನಮ್ಮ ಮನೆಯ ಮುಂದೆ ನಿಂತಿದ್ದೆ. ಕೋಲು ಹೊರಗೆ ಬಂತು, ಒಂದು ಕಾಲು ಹೊರಗೆ ಬಂತು, ಅವರ ಇನ್ನೊಂದು ಕೈ ಮಾತ್ರ ಬಾಗಿಲ ಒಳಗೇ ಸ್ವಲ್ಪ ಹೊತ್ತು ಉಳಿಯಿತು. ಆಮೇಲೆ ಬಾಗಿಲು ಎಳೆದುಕೊಂಡು ಹೋದರು.

ನಿಮ್ಮ
ಮಾನ್ಯಾ